ರುಮಟಾಯ್ಡ್ ಆರ್ಥ್ರೈಟಿಸ್: ಟಿಎನ್‌ಎಫ್ ಒಂದನ್ನು ತಡೆದರೆ ಉಳಿದವೂ ಇಳಿಯುವುದು ಯಾಕೆ?

ರುಮಟಾಯ್ಡ್ ಆರ್ಥ್ರೈಟಿಸ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಈ ಪಾಠದಲ್ಲಿ ಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತದ ಪ್ರೋಟೀನ್‌ಗಳ ಹೆಸರುಗಳ ದೊಡ್ಡ ಪಟ್ಟಿಯೇ ಇದೆ. ಟಿಎನ್‌ಎಫ್, ಐಎಲ್-1, ಐಎಲ್-6, ಐಎಲ್-8, ಐಎಲ್-17. ಸುಮ್ನೆ ಬಾಯಿಪಾಠ ಮಾಡಿದರೆ ಎರಡು ದಿನ ನಿಲ್ಲುವುದಿಲ್ಲ. ಯಾವುದು ಯಾವುದನ್ನು ಹೊರಡಿಸುತ್ತದೆ ಅನ್ನುವುದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಕೂರುತ್ತದೆ. ಹಾಗಾಗಿ ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಜಾಗ ಯಾವುದು ನೋಡೋಣ. ಕೀಲಿನ ಒಳಗೆ ಸೈನೋವಿಯಂ ಅನ್ನುವ ತೆಳುವಾದ ಪೊರೆ ಇರುತ್ತದೆ. ಆರೋಗ್ಯವಾಗಿದ್ದಾಗ ಅದರ ಮೇಲ್ಪದರದಲ್ಲಿ ಕೋಶಗಳು ಒಂದೆರಡು ಸಾಲು ಅಷ್ಟೇ. ಈ ಕಾಯಿಲೆಯಲ್ಲಿ ಅದು ಹತ್ತಾರು ಸಾಲು ದಪ್ಪವಾಗಬಹುದು. ಬಿಳಿ ರಕ್ತಕಣ ಬಂದು ತುಂಬುತ್ತವೆ, ಹೊಸ ರಕ್ತನಾಳ ಹುಟ್ಟುತ್ತವೆ. ಹೀಗೆ ಬೆಳೆದ ಪೊರೆಗೆ ಪ್ಯಾನಸ್ ಅಂತ ಹೆಸರು. ಅದು ಮೃದ್ವಸ್ಥಿಯ ಮೇಲೆ ಹರಡಿ, ಮೂಳೆಯ ಅಂಚನ್ನು ಕೊರೆಯುತ್ತದೆ. ವಯಸ್ಸಾದ ಮೇಲೆ ಬರುವ ಸಾಮಾನ್ಯ ಮಂಡಿನೋವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಶುರು ಹೇಗಾಗುತ್ತದೆ ಅನ್ನುವಲ್ಲಿ ರಕ್ಷಣಾ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ-ಡಿಆರ್‌ಬಿ1 ಜೀನ್, ಧೂಮಪಾನ, ಅರ್ಜಿನಿನ್ ಅನ್ನುವ ಭಾಗ ಸಿಟ್ರುಲಿನ್ ಆಗಿ ಬದಲಾದ ಪ್ರೋಟೀನ್ ಇವು ಮೂರು ನೆನಪಿರಲಿ. ಆ ಪ್ರೋಟೀನ್‌ಗಳ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು (ಆ್ಯಂಟಿಬಾಡಿ) ನೋವು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು.

ಈಗ ಸಂಕೇತಗಳ ವಿಷಯ. ಟಿಎನ್‌ಎಫ್ ಜಾಸ್ತಿ ಬರುವುದು ರೋಗ ಎದುರಿಸುವ ಕೋಶಗಳಾದ ಮ್ಯಾಕ್ರೊಫೇಜ್‌ಗಳಿಂದ. ಅದು ರಕ್ತನಾಳದ ಒಳಗೋಡೆಯನ್ನು ಅಂಟಂಟಾಗಿ ಮಾಡುತ್ತದೆ, ಬಿಳಿ ರಕ್ತಕಣಗಳು ಅಲ್ಲಿ ಹಿಡಿದುಕೊಂಡು ಕೀಲಿನೊಳಗೆ ನುಸುಳುತ್ತವೆ. ಪೊರೆಯನ್ನು ಕಟ್ಟುವ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳಿಂದ ಐಎಲ್-6, ಐಎಲ್-8 ಮತ್ತು ಮೃದ್ವಸ್ಥಿ ಕರಗಿಸುವ ಕಿಣ್ವಗಳನ್ನು ಹೊರಡಿಸುತ್ತದೆ. ಐಎಲ್-1 ಕೂಡ ಇದೇ ಥರದ ಕೆಲಸ ಮಾಡುತ್ತದೆ. ಈ ಸಂಕೇತಗಳಿಂದ ರ್‍ಯಾಂಕ್-ಎಲ್ ಅನ್ನುವ ಪ್ರೋಟೀನ್ ಏರುತ್ತದೆ, ಅದರಿಂದ ಮೂಳೆ ತಿನ್ನುವ ಆಸ್ಟಿಯೊಕ್ಲಾಸ್ಟ್ ಕೋಶಗಳು ಹೆಚ್ಚುತ್ತವೆ.

ಐಎಲ್-6 ಕೀಲಿನಲ್ಲೇ ಉಳಿಯುವುದಿಲ್ಲ. ಯಕೃತ್ತಿಗೆ ಹೋಗಿ, ಉರಿಯೂತ ಇದೆ ಅಂತ ತೋರಿಸುವ ಸಿಆರ್‌ಪಿ ಪ್ರೋಟೀನ್ ಏರಿಸುತ್ತದೆ. ಕಬ್ಬಿಣವನ್ನು ಹಿಡಿದಿಡುವ ಹೆಪ್ಸಿಡಿನ್ ಅನ್ನೂ ಏರಿಸುತ್ತದೆ. ಆಗ ಮೈಯಲ್ಲಿ ಕಬ್ಬಿಣ ಇದ್ದರೂ ರಕ್ತ ತಯಾರಿಗೆ ಸಿಗುವುದಿಲ್ಲ. ಇಂಥ ರಕ್ತಹೀನತೆ ಬರೀ ಕಬ್ಬಿಣದ ಮಾತ್ರೆಯಿಂದ ಸರಿಹೋಗುವುದಿಲ್ಲ.

ಐಎಲ್-6 ಬೆಳಗಿನ ಜಾವ ಏರುತ್ತದೆ ಅನ್ನುವುದು ನನಗೆ ಬಹಳ ಮುಖ್ಯ ಅನಿಸಿತು. ನಮ್ಮ ದೊಡ್ಡಮ್ಮನಿಗೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವುದಕ್ಕೂ ಬೆರಳು ಮಡಚುತ್ತಿರಲಿಲ್ಲ. ಹತ್ತು ಗಂಟೆಯ ಮೇಲೆ ಅದೇ ಕೈಯಲ್ಲಿ ಹೂ ಕಟ್ಟುತ್ತಿದ್ದರು. ಮನೆಯಲ್ಲಿ ಕೆಲವರು ಅದನ್ನು ನೆಪ ಅಂದುಕೊಂಡರು. ನೆಪ ಅಲ್ಲ, ಕಾಯಿಲೆಯ ಲಕ್ಷಣವೇ ಅದು. ರೋಗಿಯನ್ನು ಕೇಳುವಾಗ ‘ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ ಇರುತ್ತದೆ’ ಅಂತ ತಪ್ಪದೆ ಕೇಳಿ.

ಇಷ್ಟು ಸಂಕೇತ ಒಂದೇ ಕೆಲಸ ಮಾಡುತ್ತಿದ್ದರೆ ಒಂದನ್ನು ತಡೆದು ಏನು ಬಂತು? ಇನ್ನೊಂದು ಆ ಜಾಗ ತುಂಬುತ್ತದೆ ಅಲ್ವಾ? 1980ರ ದಶಕದಲ್ಲಿ ಎಷ್ಟೋ ವಿಜ್ಞಾನಿಗಳು ಹೀಗೇ ಯೋಚಿಸುತ್ತಿದ್ದರು. ಲಂಡನ್‌ನಲ್ಲಿ ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ, ಫಿನೂಲಾ ಬ್ರೆನನ್ ಅವರ ತಂಡ ರೋಗಿಗಳ ಕೀಲಿನ ಪೊರೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿತು. ಹೊರಗಿನಿಂದ ಏನೂ ಕೆಣಕದಿದ್ದರೂ ಅವು ದಿನಗಟ್ಟಲೆ ಸಂಕೇತ ಸುರಿಸುತ್ತಲೇ ಇದ್ದವು. ಟಿಎನ್‌ಎಫ್ ತಡೆಯುವ ಪ್ರತಿಕಾಯ ಹಾಕಿದಾಗ ಐಎಲ್-1 ತೀರಾ ಇಳಿಯಿತು. ಇದು ಪ್ರಕಟವಾದದ್ದು 1989ರಲ್ಲಿ. ಮುಂದೆ ಐಎಲ್-6, ಐಎಲ್-8 ಕೂಡ ಇಳಿಯುವುದು ಕಂಡಿತು. ಆದರೆ ಐಎಲ್-1 ತಡೆದರೆ ಟಿಎನ್‌ಎಫ್ ಇಳಿಯಲಿಲ್ಲ. ಅಂದರೆ ಇವೆಲ್ಲ ಸಮಸಮ ನಿಂತಿಲ್ಲ, ಟಿಎನ್‌ಎಫ್ ಮೇಲೆ ನಿಂತಿದೆ. ಪಾಠದ ತಿರುಳು ನನ್ನ ಪ್ರಕಾರ ಇದೇ.

1992ರಲ್ಲಿ ಲಂಡನ್‌ನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳಿಗೆ ಆ ಬಗೆಯ ಪ್ರತಿಕಾಯ ಕೊಟ್ಟರು. ಈಗ ಅದಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಅನ್ನುತ್ತಾರೆ. 1994ರಲ್ಲಿ 73 ಜನರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಒಂದೇ ಸಲ ಹೆಚ್ಚಿನ ಡೋಸ್ ಪಡೆದ 24 ಜನರಲ್ಲಿ 19 ಮಂದಿಗೆ ನಾಲ್ಕು ವಾರದಲ್ಲಿ ಗುಣ ಕಂಡಿತ್ತು. ಔಷಧಿಯಿಲ್ಲದ ದ್ರವ ಪಡೆದ 24ರಲ್ಲಿ ಬರೀ ಇಬ್ಬರಿಗೆ. ಈ ಔಷಧಿ ಕಾಯಿಲೆಯ ಬೇರು ಕೀಳುವುದಿಲ್ಲ, ಅದರ ಪರಿಣಾಮ ಇಳಿದ ಮೇಲೆ ಊತ ಮರಳುತ್ತದೆ ಅನ್ನುವುದೂ ಗೊತ್ತಾಯಿತು.

ಪರೀಕ್ಷೆಗೆ ಓದುವಾಗ ಗೊಂದಲ ಆಗುವ ಎರಡು ಜಾಗ ಇವೆ. ಐಎಲ್-17 ತಡೆಯುವ ಔಷಧಿ ಸೋರಿಯಾಸಿಸ್ ಜೊತೆ ಬರುವ ಕೀಲುರೋಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲಿ ಅಷ್ಟು ಮಾಡುವುದಿಲ್ಲ. ಇನ್ನು ಟೊಫಾಸಿಟಿನಿಬ್ ಥರದ ಮಾತ್ರೆಗಳು ಕೋಶದ ಒಳಗಿನ ಜ್ಯಾಕ್ ಕಿಣ್ವವನ್ನು ತಡೆಯುತ್ತವೆ. ಐಎಲ್-6 ಸಂದೇಶ ಹೋಗುವುದು ಜ್ಯಾಕ್ ಮೂಲಕ. ಟಿಎನ್‌ಎಫ್ ಸಂಕೇತವನ್ನು ಹಿಡಿಯುವ ಕೋಶದ ಗ್ರಾಹಕ (ರಿಸೆಪ್ಟರ್) ನೇರವಾಗಿ ಜ್ಯಾಕ್ ಬಳಸುವುದಿಲ್ಲ.

ಇನ್ನೊಂದು ವಿಷಯ ನಮ್ಮ ದೇಶದಲ್ಲಿ ಓದುವವರು ಮರೆಯಲೇಬಾರದು. ಕ್ಷಯದ ಬ್ಯಾಕ್ಟೀರಿಯಾವನ್ನು ಗ್ರಾನ್ಯುಲೋಮಾ ಅನ್ನುವ ಕೋಶಗಳ ಗಂಟಿನೊಳಗೆ ಕಟ್ಟಿಹಾಕಿ ಇಡುವುದಕ್ಕೂ ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಮಲಗಿದ್ದ ಕ್ಷಯ ಏಳಬಹುದು. ಅದಕ್ಕೇ ಔಷಧಿ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯ ಪತ್ತೆಗೆ ಚರ್ಮದ ಮಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ ಮಾಡಿಸುತ್ತಾರೆ. ಐಎಲ್-6 ತಡೆಯುವ ಟೊಸಿಲಿಜುಮ್ಯಾಬ್ ಪಡೆಯುವವರಲ್ಲಿ ಬೇರೆ ಎಚ್ಚರಿಕೆ ಬೇಕು. ಸಿಆರ್‌ಪಿ ಏರಿಸುವ ಸಂಕೇತವೇ ನಿಂತಿರುವುದರಿಂದ, ಒಳಗೆ ದೊಡ್ಡ ಸೋಂಕು ಇದ್ದರೂ ಲ್ಯಾಬ್ ವರದಿಯಲ್ಲಿ ಸಿಆರ್‌ಪಿ ಸರಿಯಾಗಿಯೇ ಕಾಣಿಸಬಹುದು.