ಹೊಲಿದ ನಾಳ, ಬೆಳೆಸಿದ ನಾಳ

1947ರಲ್ಲಿ ಅಮೆರಿಕದ ತರುಣ ಶಸ್ತ್ರವೈದ್ಯ ಆರ್ಥರ್ ವೂರ್ಹೀಸ್ ಪ್ರಯೋಗದ ನಾಯಿಯೊಂದರ ಹೃದಯಕ್ಕೆ ಹೊಲಿಗೆ ಹಾಕುವಾಗ ರೇಷ್ಮೆ ದಾರ ತಪ್ಪಿ ಹೃದಯದ ಕೋಣೆಯೊಳಗೆ ಹಾದುಬಿಟ್ಟಿತ್ತು. ಕೆಲವು ತಿಂಗಳ ನಂತರ ನೋಡಿದರೆ, ರಕ್ತದಲ್ಲಿ ನೆನೆಯುತ್ತಿದ್ದ ಆ ದಾರಕ್ಕೆ ಹೊಳೆಯುವ ತೆಳುಪೊರೆ ಹೊದೆದಿತ್ತು. ಎಲ್ಲಿಯೂ ರಕ್ತ ಹೆಪ್ಪುಗಟ್ಟಿರಲಿಲ್ಲ. ದಾರವನ್ನು ದೇಹ ಹೀಗೆ ತನ್ನದಾಗಿಸಿಕೊಳ್ಳುವುದಾದರೆ, ದಾರದಿಂದ ನೇಯ್ದ ಕೊಳವೆಯನ್ನೂ ಒಪ್ಪಿಕೊಳ್ಳಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ಬಟ್ಟೆಯ ರಕ್ತನಾಳ ಹುಟ್ಟಿದ್ದು ಹಾಗೆ. 1950ರ ದಶಕದಲ್ಲಿ ಮೈಕೆಲ್ ಡಿಬೇಕಿ ಎಂಬ ಇನ್ನೊಬ್ಬ ವೈದ್ಯರು ಅಂಗಡಿಯಲ್ಲಿ ನೈಲಾನ್ ಸಿಗದೆ ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಡೆಕ್ರಾನ್ ಕೊಳವೆಗಳು ಇಂದಿಗೂ ಬಳಕೆಯಲ್ಲಿವೆ.

ಆದರೆ ಅವು ಒಗ್ಗುವುದು ದೊಡ್ಡ ನಾಳಗಳಿಗೆ. ಮಹಾಪಧಮನಿಯಲ್ಲಿ ರಕ್ತ ರಭಸದಿಂದ ನುಗ್ಗುವುದರಿಂದ ಗೋಡೆಗೆ ಏನಾದರೂ ಅಂಟಿದರೂ ದಾರಿ ಮುಚ್ಚುವುದಿಲ್ಲ. ಅಗಲ 6 ಮಿಲಿಮೀಟರಿಗಿಂತ ಕಡಿಮೆಯಾದರೆ ಕತೆಯೇ ಬೇರೆ. ಪ್ಲಾಸ್ಟಿಕ್ ಕೊಳವೆ ಬೇಗ ಕಟ್ಟಿಕೊಳ್ಳುತ್ತದೆ. ನಿಜವಾದ ರಕ್ತನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಅಸ್ತರಿಯಿದೆ. ಅದು ಸುಮ್ಮನೆ ಕೂರುವ ಅಸ್ತರಿಯಲ್ಲ. ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳನ್ನು ಬಿಡುತ್ತಾ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ನಾಳವನ್ನು ಹಿಗ್ಗಿಸುತ್ತದೆ. ರಕ್ತನಾಳವನ್ನು ನೀರಿನ ಕೊಳವೆಗೆ ಹೋಲಿಸುವ ನಮ್ಮ ರೂಢಿ ಎಷ್ಟು ತಪ್ಪು ಎಂಬುದಕ್ಕೆ ಇಷ್ಟು ಸಾಕು. ಹಾಗಾಗಿಯೇ ಹೃದಯದ ಬೈಪಾಸ್‌ಗೆ ವೈದ್ಯರು ರೋಗಿಯ ಎದೆಯ ಅಥವಾ ಕಾಲಿನ ನಾಳವನ್ನೇ ಕಿತ್ತು ಜೋಡಿಸುತ್ತಾರೆ. ಹೀಗೆ ಜೋಡಿಸಿದ ಕಾಲಿನ ಅಭಿಧಮನಿಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷಗಳಲ್ಲಿ ಕೆಡುತ್ತವೆ; ಕೆಲವರಲ್ಲಿ ಕೀಳಲು ಯೋಗ್ಯವಾದ ನಾಳವೇ ಇರುವುದಿಲ್ಲ.

ಹಾಗಾದರೆ ಬೆಳೆಸಿದರಾಗದೇ? 1986ರಲ್ಲಿ ವೈನ್‌ಬರ್ಗ್ ಮತ್ತು ಬೆಲ್ ಎಂಬ ಸಂಶೋಧಕರು ಹಸುವಿನ ಜೀವಕೋಶ ಮತ್ತು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನಿಂದ ನಾಳದ ಮಾದರಿ ಮಾಡಿದರು. ನೋಡಲು ಚೆನ್ನಾಗಿತ್ತು, ಒತ್ತಡ ತಾಳುತ್ತಿರಲಿಲ್ಲ. ಕೊನೆಗೆ ಡೆಕ್ರಾನ್ ಜಾಲರಿಯನ್ನೇ ಆಸರೆಗೆ ಕೊಡಬೇಕಾಯಿತು. 1999ರಲ್ಲಿ ಲಾರಾ ನಿಕ್ಲಾಸನ್ ತಂಡ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ದೇಹದಲ್ಲಿ ತಾನೇ ಕರಗುವ ಹೊಲಿಗೆ ದಾರದ ವಸ್ತುವಿನಿಂದ ಜಾಲರಿಯ ಕೊಳವೆ ಮಾಡಿ, ಅದರ ಮೇಲೆ ಸ್ನಾಯುಕೋಶಗಳನ್ನು ಬಿತ್ತಿ, ಒಳಗಿನಿಂದ ದ್ರವವನ್ನು ಭ್ರೂಣದ ಹೃದಯ ಬಡಿಯುವ ವೇಗದಲ್ಲಿ ಮಿಡಿಸಿದರು. ಗರಡಿಯಲ್ಲಿ ಸಾಮು ಮಾಡಿದಂತೆ ಆ ಕೋಶಗಳು ವಾರಗಟ್ಟಲೆ ಹಿಗ್ಗಿ ಕುಗ್ಗಿ ಕೊಲಾಜೆನ್ ಹೆಣೆದುಕೊಂಡು ಗಟ್ಟಿಯಾದವು. ಜಾಲರಿ ಕರಗುತ್ತಾ ಹೋಯಿತು.

ಅದೇ ವರ್ಷ ಜಪಾನಿನಲ್ಲಿ ನಾಲ್ಕು ವರ್ಷದ ಬಾಲಕಿಗೆ, ಅವಳದೇ ಅಭಿಧಮನಿಯ ಕೋಶಗಳನ್ನು ಕರಗುವ ಜಾಲರಿಯ ಮೇಲೆ ಬೆಳೆಸಿ, ಶ್ವಾಸಕೋಶದ ಅಪಧಮನಿಯ ಭಾಗವೊಂದನ್ನು ಜೋಡಿಸಲಾಯಿತು. ಅಲ್ಲಿ ಒತ್ತಡ ಕಡಿಮೆ ಎಂಬುದು ಅನುಕೂಲ. ಆದರೆ ಪ್ರತಿ ರೋಗಿಗೂ ಅವರದೇ ಕೋಶದಿಂದ ನಾಳ ಬೆಳೆಸಲು ವಾರಗಳು, ತಿಂಗಳುಗಳು ಬೇಕು. ಅಪಘಾತದಲ್ಲಿ ಕಾಲಿನ ಅಪಧಮನಿ ಹರಿದವರಿಗೆ ಗಂಟೆಗಳೂ ಇರುವುದಿಲ್ಲ.

ಮುಂದಿನ ಉಪಾಯ ಮೊದಲಿಗೆ ಹುಚ್ಚುತನವೆನಿಸುತ್ತದೆ: ಅಷ್ಟು ಜತನದಿಂದ ಬೆಳೆಸಿದ ಕೋಶಗಳನ್ನೆಲ್ಲ ತೊಳೆದು ಹಾಕುವುದು. ಉಳಿಯುವುದು ಅವು ಕಟ್ಟಿದ ಹಂದರ ಮಾತ್ರ. ಕೋಶಗಳಿಲ್ಲದ್ದರಿಂದ ರೋಗಿಯ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲು ಕಾರಣ ಕಡಿಮೆ. ದಾನಿಯ ಕೋಶದಿಂದ ಮೊದಲೇ ತಯಾರಿಸಿ ಕಪಾಟಿನಲ್ಲಿ ಇಡಬಹುದು. 2012ರಲ್ಲಿ ಪೋಲೆಂಡಿನ ಡಯಾಲಿಸಿಸ್ ರೋಗಿಗಳಿಗೆ ಇಂಥ ನಾಳಗಳನ್ನು ಮೊದಲು ಜೋಡಿಸಲಾಯಿತು. ಮುಂದೆ ರೋಗಿಗಳಿಂದ ಹೊರತೆಗೆದ ತುಣುಕುಗಳನ್ನು ಪರೀಕ್ಷಿಸಿದಾಗ, ಖಾಲಿ ಮನೆಗೆ ಒಕ್ಕಲು ಬಂದಂತೆ ರೋಗಿಯದೇ ಸ್ನಾಯುಕೋಶಗಳು, ಅಸ್ತರಿಯ ಕೋಶಗಳು ಅಲ್ಲಿ ನೆಲೆಸಿದ್ದವು. ವೂರ್ಹೀಸ್ ಕಂಡ ದಾರದ ಹೊದಿಕೆ ನೆನಪಾಗದಿರದು.

ಡಿಸೆಂಬರ್ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕೈಕಾಲುಗಳ ಅಪಧಮನಿಗೆ ಗಾಯವಾದ ವಯಸ್ಕರಿಗೆಂದು ಹ್ಯೂಮಸೈಟ್ ಸಂಸ್ಥೆಯ ಇಂಥ ನಾಳಕ್ಕೆ ಒಪ್ಪಿಗೆ ಕೊಟ್ಟಿತು. ನಾಳ ಒಡೆಯಬಹುದು, ಕಟ್ಟಿಕೊಳ್ಳಬಹುದು ಎಂಬ ಎಚ್ಚರಿಕೆಯೂ ಜೊತೆಗಿದೆ. ಅದರ ಅಗಲ 6 ಮಿಲಿಮೀಟರ್; ಹೃದಯದ ಅಪಧಮನಿಗಳಿಗೆ ಬೇಕಾದದ್ದು ಹೆಚ್ಚುಕಡಿಮೆ ಅದರ ಅರ್ಧ. ಎಲಾಸ್ಟಿನ್ ಇನ್ನೊಂದು ತೊಡಕು. ಪ್ರತಿ ಮಿಡಿತಕ್ಕೂ ಹಿಗ್ಗಿದ ಅಪಧಮನಿಯನ್ನು ಮತ್ತೆ ಮೊದಲಿನ ಅಳತೆಗೆ ಎಳೆಯುವ ಈ ನಾರನ್ನು ದೇಹ ಹೆಚ್ಚಾಗಿ ನೇಯುವುದು ಹುಟ್ಟಿಗೆ ಮುಂಚೆ ಮತ್ತು ಎಳವೆಯಲ್ಲಿ. ಬೆಳೆದ ಕೋಶಗಳಿಂದ ಅದನ್ನು ಪ್ರಯೋಗಾಲಯದಲ್ಲಿ ಮತ್ತೆ ನೇಯಿಸುವುದು ಇನ್ನೂ ಕಷ್ಟವಾಗಿಯೇ ಉಳಿದಿದೆ.