ಕ್ಯಾಲಿಫೋರ್ನಿಯಾದ ಶಾಲಾ ಡಿಸ್ಟ್ರಿಕ್ಟ್ ಗುತ್ತಿಗೆ: ಸಣ್ಣ ಉದ್ದಿಮೆದಾರರಿಗೆ ಅಧ್ಯಯನ ಟಿಪ್ಪಣಿ

ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯೂ ಅಲ್ಲ, ಡಿಡಿಪಿಐ ಕಚೇರಿಯಂಥದ್ದೂ ಅಲ್ಲ. ಅದೊಂದು ಸ್ವತಂತ್ರ ಸ್ಥಳೀಯ ಸಂಸ್ಥೆ. ಜನ ಆರಿಸಿದ ಮಂಡಳಿ, ತನ್ನದೇ ಬಜೆಟ್, ತನ್ನದೇ ಖರೀದಿ ವಿಭಾಗ ಇರುತ್ತವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು ಒಂಬೈನೂರಕ್ಕೂ ಹೆಚ್ಚಿವೆ. ಲಾಸ್ ಏಂಜಲೀಸ್ ಯೂನಿಫೈಡ್‌ನಂಥ ದೈತ್ಯ ಸಂಸ್ಥೆಯೂ ಡಿಸ್ಟ್ರಿಕ್ಟೇ, ಒಂದೇ ಶಾಲೆ ಇರುವ ಹಳ್ಳಿಯದೂ ಡಿಸ್ಟ್ರಿಕ್ಟೇ. ರಾಜ್ಯದ ಕಾನೂನು ಎಲ್ಲಕ್ಕೂ ಒಂದೇ, ನಡೆಸುವ ಪದ್ಧತಿ ಮಾತ್ರ ಬೇರೆ ಬೇರೆ. ಇಲ್ಲಿನ ಟಿಪ್ಪಣಿಗಳೆಲ್ಲ ಈ ಒಂದು ರಾಜ್ಯದವು. ಟೆಕ್ಸಸ್‌ಗೋ ನ್ಯೂಜೆರ್ಸಿಗೋ ಇದೇ ಅಂಕಿಗಳನ್ನು ಒಯ್ಯಬೇಡಿ.

ಸಹಿ ಯಾರದು?

ಶಾಲೆಯ ಪ್ರಿನ್ಸಿಪಾಲರು ನಿಮ್ಮ ಕೆಲಸ ಮೆಚ್ಚಿ "ನಾಳೆಯೇ ಶುರುಮಾಡಿ" ಎಂದರೆ ಶುರುಮಾಡಬಾರದು. ಎಜುಕೇಶನ್ ಕೋಡ್‌ನ 17604ನೇ ಸೆಕ್ಷನ್ ಪ್ರಕಾರ ಮಂಡಳಿ ಒಪ್ಪಿದ ಅಥವಾ ಆಮೇಲೆ ಸ್ಥಿರೀಕರಿಸಿದ ಗುತ್ತಿಗೆಗೆ ಮಾತ್ರ ಬೆಲೆ. ದಿನನಿತ್ಯದ ಖರೀದಿಗೆ ಮಂಡಳಿ ಒಬ್ಬ ಅಧಿಕಾರಿಗೆ ಅಧಿಕಾರ ಕೊಟ್ಟಿರುತ್ತದೆ, ಆ ಅಧಿಕಾರಿಯ ಕಚೇರಿಯಿಂದ ಪರ್ಚೇಸ್ ಆರ್ಡರ್ ಸಂಖ್ಯೆ ಬರಬೇಕು. ಅದು ಬರುವ ಮುಂಚೆ ಸಾಮಾನು ಇಳಿಸಿದವರು, ಗೋಡೆಗೆ ಬಣ್ಣ ಬಳಿದವರು ಹಣಕ್ಕಾಗಿ ಅಲೆಯಬೇಕಾಗುತ್ತದೆ. ಕಾನೂನು ಅವರ ಕಡೆಗಿಲ್ಲ. ಶಾಲೆಯವರ ಮೆಚ್ಚುಗೆ ಬೇಡವೆಂದಲ್ಲ. ಬೇಡಿಕೆ ಹುಟ್ಟುವುದು ಅಲ್ಲಿಯೇ, ಹಣ ಹೊರಡುವುದು ಮಾತ್ರ ಖರೀದಿ ವಿಭಾಗದಿಂದ.

ಎರಡು ಏಣಿಗಳು

ಕಲಿಯುವವರು ಹೆಚ್ಚಾಗಿ ಎಡವುವುದು ಈ ಭಾಗದಲ್ಲಿ. ಟೆಂಡರ್ ಕರೆಯಲೇಬೇಕಾದ ಮೊತ್ತ ಒಂದೇ ಅಲ್ಲ, ಎರಡಿವೆ.

ಪಬ್ಲಿಕ್ ಕಾಂಟ್ರ್ಯಾಕ್ಟ್ ಕೋಡ್‌ನ 20111ನೇ ಸೆಕ್ಷನ್ ಎರಡನ್ನೂ ಹೇಳುತ್ತದೆ. ಸಾಮಗ್ರಿ, ಉಪಕರಣ, ಸೇವೆ ಮತ್ತು ನಿರ್ವಹಣೆಯ ರಿಪೇರಿಗಳದ್ದು ಮೊದಲ ಏಣಿ. ಇದರ ಮಿತಿ ಪ್ರತಿವರ್ಷ ಜನವರಿಯಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುತ್ತದೆ; 2024ರಲ್ಲಿ 1,14,500 ಡಾಲರ್, 2025ರಲ್ಲಿ 1,14,800 ಡಾಲರ್. ಇದಕ್ಕಿಂತ ಕೆಳಗಿನದಕ್ಕೆ ಕಾನೂನು ಟೆಂಡರ್ ಕೇಳುವುದಿಲ್ಲ. ಎರಡು ಮೂರು ಕೊಟೇಶನ್ ತರಿಸಿ ಕೊಡುವುದು ಸಾಮಾನ್ಯ ರೂಢಿ. ಎರಡನೆಯದು ಕಟ್ಟಡ ಕಾಮಗಾರಿಯ ಏಣಿ. ಇದರ ಮಿತಿ ಬರೀ 15,000 ಡಾಲರ್, ಸೂಚ್ಯಂಕದ ಏರಿಕೆಯೂ ಇದಕ್ಕಿಲ್ಲ.

ಹಾಗಾದರೆ ಯಾವ ಕೆಲಸ ಯಾವ ಏಣಿಗೆ? ಸೋರುವ ಪೈಪು, ಕೆಟ್ಟ ಸ್ವಿಚ್ಚು, ಒಡೆದ ಗಾಜು ಇಂಥ ವಾಡಿಕೆಯ ರಿಪೇರಿ ನಿರ್ವಹಣೆಗೆ ಸೇರುತ್ತದೆ. ಆದರೆ ಬಣ್ಣ ಬಳಿಯುವುದು, ಅಲ್ಲಲ್ಲಿ ತೇಪೆ ಹಚ್ಚುವಷ್ಟನ್ನು ಬಿಟ್ಟರೆ, ನಿರ್ವಹಣೆಯಲ್ಲ, ಕಾಮಗಾರಿ. 20,000 ಡಾಲರಿನ ಪ್ಲಂಬಿಂಗ್ ರಿಪೇರಿ ಕೊಟೇಶನ್ ಮೇಲೆ ಸಿಕ್ಕೀತು. ಅಷ್ಟೇ ಮೊತ್ತದ ಬಣ್ಣದ ಕೆಲಸಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಮೊಹರು ಹಾಕಿದ ಬಿಡ್ ತರಿಸಬೇಕು.

15,000ದ ಈ ಬಿಗಿಯನ್ನು ಸಡಿಲಿಸಲೆಂದೇ ಯೂನಿಫಾರ್ಮ್ ಪಬ್ಲಿಕ್ ಕನ್‌ಸ್ಟ್ರಕ್ಷನ್ ಕಾಸ್ಟ್ ಅಕೌಂಟಿಂಗ್ ಕಾಯ್ದೆ ಇದೆ. ಡಿಸ್ಟ್ರಿಕ್ಟ್ ತಾನಾಗಿ ಅದಕ್ಕೆ ಸೇರಿಕೊಂಡಿದ್ದರೆ, 2025ರ ಜನವರಿ 1ರಿಂದ 75,000 ಡಾಲರ್‌ವರೆಗಿನ ಕಾಮಗಾರಿಯನ್ನು ಮಾತುಕತೆಯಿಂದಲೇ ಕೊಡಬಹುದು, 2,20,000ದವರೆಗೆ ಅನೌಪಚಾರಿಕ ಬಿಡ್ ಸಾಕು. ಅನೌಪಚಾರಿಕ ಬಿಡ್‌ನ ಸೂಚನೆ ಡಿಸ್ಟ್ರಿಕ್ಟ್ ಇಟ್ಟುಕೊಂಡ ಅರ್ಹ ಗುತ್ತಿಗೆದಾರರ ಪಟ್ಟಿಗೆ ಹೋಗುತ್ತದೆ, ಕನಿಷ್ಠ 10 ದಿನ ಮೊದಲು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಸೂಚನೆ ನಿಮಗೆ ಬರುವ ಖಾತರಿ ಇಲ್ಲ. ಪಟ್ಟಿಗೆ ಸೇರಲು ಪ್ರತಿ ನವೆಂಬರ್‌ನಲ್ಲಿ ಆಹ್ವಾನ ಹೊರಡುತ್ತದೆ. ಸಣ್ಣ ಗುತ್ತಿಗೆದಾರರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ತಿಂಗಳು ಇದು.

ದೊಡ್ಡ ಕೆಲಸವನ್ನು ಮಿತಿಯ ಕೆಳಗೆ ತರಲು ಚೂರು ಮಾಡುವುದು 20116ನೇ ಸೆಕ್ಷನ್ ಪ್ರಕಾರ ಕಾನೂನುಬಾಹಿರ. ನಮ್ಮ ಕಡೆ ತುಂಡು ಗುತ್ತಿಗೆ ಎನ್ನುತ್ತಾರಲ್ಲ, ಅದೇ ಜಾಡ್ಯ. ಡಿಸ್ಟ್ರಿಕ್ಟಿನವರೇ ಸೂಚಿಸಿದರೂ ಅಂಥದ್ದಕ್ಕೆ ಕೈಹಾಕಬೇಡಿ.

ಕೆಲಸ ಬರುವುದು ಮೊದಲೇ ತಿಳಿಯುವುದು

ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಮುಂದಿನ ವರ್ಷದ ಸೇವೆಗಳ ಟೆಂಡರ್ ಹೆಚ್ಚಾಗಿ ವಸಂತದಲ್ಲೇ ಹೊರಡುತ್ತದೆ, ಗದ್ದಲದ ಕಾಮಗಾರಿಗಳು ಮಕ್ಕಳಿಲ್ಲದ ಬೇಸಿಗೆ ರಜೆಗೆ ಬೀಳುತ್ತವೆ. ಜುಲೈ 1ರೊಳಗೆ ಮಂಡಳಿ ಒಪ್ಪಬೇಕಾದ ಎಲ್‌ಸಿಎಪಿ ಎಂಬ ಯೋಜನಾ ದಾಖಲೆಯಲ್ಲಿ ಯಾವ ಚಟುವಟಿಕೆಗೆ ಎಷ್ಟು ಹಣವೆಂದು ಬರೆದಿರುತ್ತದೆ. ಪಾಠದ ನೆರವು, ಆಪ್ತಸಮಾಲೋಚನೆ, ತರಬೇತಿ ಕೊಡುವ ಸಂಸ್ಥೆಗಳು ಮೊದಲು ಓದಬೇಕಾದ್ದು ಇದನ್ನೇ. ಮಂಡಳಿಯ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲು ಹೊರಬೀಳುತ್ತದೆ. ಅದರಲ್ಲಿ ಈಗಿನ ಗುತ್ತಿಗೆ ಯಾರದು, ಎಷ್ಟಕ್ಕೆ, ಯಾವಾಗ ಮುಗಿಯುತ್ತದೆ ಎಲ್ಲವೂ ಸಿಗುತ್ತದೆ. ಸೇವೆಯ ಗುತ್ತಿಗೆ ಹೆಚ್ಚೆಂದರೆ ಐದು ವರ್ಷ, ಸಾಮಗ್ರಿಯದು ಮೂರು ವರ್ಷ ನಡೆಯಬಹುದು. ಈ ಮಿತಿ ಗೊತ್ತಿದ್ದರೆ ಮರುಟೆಂಡರ್ ಯಾವ ವರ್ಷ ಬಂದೀತೆಂದು ಬೆರಳಲ್ಲೇ ಎಣಿಸಬಹುದು.

ಹಿಂದಿನ ಬಾರಿ ಗೆದ್ದವರ ದರ ಬೇಕೇ? ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆಯಡಿ ಒಂದು ಇಮೇಲ್ ಹಾಕಿ, ಬಿಡ್ ಸಂಖ್ಯೆ ಕೊಟ್ಟು, ದರಗಳ ತುಲನಾ ಪಟ್ಟಿ ಮತ್ತು ಗೆದ್ದ ಬಿಡ್‌ನ ಪ್ರತಿ ಕೇಳಿ. ದಾಖಲೆ ಕೊಡಬಹುದೇ ಇಲ್ಲವೇ ಎಂದು 10 ದಿನದೊಳಗೆ ತಿಳಿಸಬೇಕು. ನಮ್ಮ ಆರ್‌ಟಿಐ ಬಲ್ಲವರಿಗೆ ಇದು ಹೊಸತೇನಲ್ಲ. ಆದರೂ ಸಣ್ಣ ಉದ್ದಿಮೆದಾರರು ಇದನ್ನು ಬಳಸದೆ ಕತ್ತಲಲ್ಲಿ ದರ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಬಿಡ್‌ನ ಲಕೋಟೆ ಬಿಚ್ಚಿ ನೋಡೋಣ

1,80,000 ಡಾಲರಿನ ಬಣ್ಣದ ಕಾಮಗಾರಿ ಎಂದಿಟ್ಟುಕೊಳ್ಳಿ. ಸಿ-33 ಪೇಂಟಿಂಗ್ ಲೈಸೆನ್ಸ್ ಇದೆ, ದರವೂ ಕಡಿಮೆ. ಆದರೂ ಸೋಲಬಹುದು. ಗುತ್ತಿಗೆ ಸಿಗುವುದು ಅತಿ ಕಡಿಮೆ ದರದ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದ, ಕೆಲಸ ನಿಭಾಯಿಸಬಲ್ಲ ಬಿಡ್‌ದಾರರಿಗೆ. ಈ ಮೂರರಲ್ಲಿ ನಡುವಿನದ್ದೇ ಹೆಚ್ಚು ಜನರನ್ನು ಕೆಡವುತ್ತದೆ.

ಗಡುವು ಮಧ್ಯಾಹ್ನ 2 ಗಂಟೆ ಎಂದರೆ 2 ಗಂಟೆಯೇ. ತಡವಾದ ಬಿಡ್ಡನ್ನು ತೆರೆಯದೆ ವಾಪಸ್ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಗುಮಾಸ್ತರಿಗೆ ವಿನಾಯಿತಿ ಕೊಡುವ ಅಧಿಕಾರವಿಲ್ಲ. ಕಡ್ಡಾಯ ಸ್ಥಳ ವೀಕ್ಷಣೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಕಂಪನಿಯ ಹೆಸರು ಬರೆಯದಿದ್ದರೆ ಬಿಡ್ ಅಲ್ಲಿಗೇ ಮುಗಿಯಿತು. ನಡುವೆ ಹೊರಬಿದ್ದ ಪ್ರತಿಯೊಂದು ತಿದ್ದೋಲೆ ತಲುಪಿದೆ ಎಂದು ಸಹಿ ಮಾಡಬೇಕು. ಬಿಡ್ ಬಾಂಡ್, ಅಂದರೆ ಗೆದ್ದ ಮೇಲೆ ಹಿಂದೆ ಸರಿಯುವುದಿಲ್ಲವೆಂಬ ಖಾತರಿಪತ್ರ, ಸಾಮಾನ್ಯವಾಗಿ ಮೊತ್ತದ ಶೇ. 10. ಅದರ ಜೊತೆಗೆ, ಬೇರೆ ಬಿಡ್‌ದಾರರೊಂದಿಗೆ ಒಳಒಪ್ಪಂದವಿಲ್ಲವೆಂಬ ಘೋಷಣೆ. ಕೂಲಿ ಇಲಾಖೆಯಾದ ಡಿಐಆರ್‌ನಲ್ಲಿ ಪಬ್ಲಿಕ್ ವರ್ಕ್ಸ್ ನೋಂದಣಿ ಬಿಡ್ ಹಾಕುವ ಹೊತ್ತಿಗೇ ಚಾಲ್ತಿಯಲ್ಲಿರಬೇಕು. 25,000 ಡಾಲರ್‌ವರೆಗಿನ ಕಾಮಗಾರಿಗೆ, 15,000ದವರೆಗಿನ ನಿರ್ವಹಣೆಗೆ ಮಾತ್ರ ನೋಂದಣಿಯ ವಿನಾಯಿತಿ.

ಉಪಗುತ್ತಿಗೆದಾರರ ಪಟ್ಟಿಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ಒಟ್ಟು ಬಿಡ್‌ನ ಶೇ. 0.5ಕ್ಕಿಂತ ಹೆಚ್ಚಿನ ಕೆಲಸ ಮಾಡುವ ಪ್ರತಿ ಉಪಗುತ್ತಿಗೆದಾರರ ಹೆಸರು ಬಿಡ್‌ನಲ್ಲೇ ಇರಬೇಕು. 1,80,000ಕ್ಕೆ ಲೆಕ್ಕ ಹಾಕಿದರೆ 900 ಡಾಲರ್. ಶಾಲೆ 1978ಕ್ಕಿಂತ ಹಳೆಯದು, ಸೀಸದ ಬಣ್ಣ ಕೆರೆಯಲು 6,000 ಡಾಲರಿಗೆ ಬೇರೊಬ್ಬರನ್ನು ಕರೆಯುತ್ತೀರಿ ಎನ್ನಿ. ಅವರ ಹೆಸರು ಹಾಕದಿದ್ದರೆ ಆ ಕೆಲಸ ನೀವೇ ಮಾಡುವುದಾಗಿ ಒಪ್ಪಿದಂತೆ. ಅರ್ಹತೆ ಇಲ್ಲದಿದ್ದರೆ ಇಕ್ಕಟ್ಟು. ಬಣ್ಣ ಮಾರುವ ಅಂಗಡಿ ಉಪಗುತ್ತಿಗೆದಾರನಲ್ಲ, ಅದರ ಹೆಸರು ಬೇಕಿಲ್ಲ.

ಇನ್ನು ಕೂಲಿ. 1,000 ಡಾಲರ್ ಮೀರಿದ ಸರ್ಕಾರಿ ಕಾಮಗಾರಿಗೆ, ನಿರ್ವಹಣೆಗೂ ಸೇರಿ, ಡಿಐಆರ್ ನಿಗದಿಪಡಿಸಿದ ಪ್ರಿವೇಲಿಂಗ್ ವೇಜ್, ಅಂದರೆ ಆ ಪ್ರದೇಶದ ಚಾಲ್ತಿ ಕೂಲಿ, ಕೊಡಲೇಬೇಕು. ದರಪಟ್ಟಿಯ ಮೊದಲ ಕಂಬಸಾಲಿನಲ್ಲಿ ಮೂಲ ಗಂಟೆಕೂಲಿ ಇರುತ್ತದೆ, ಮುಂದಿನವುಗಳಲ್ಲಿ ಆರೋಗ್ಯ, ಪಿಂಚಣಿ, ರಜೆ, ತರಬೇತಿಯ ಬಾಬ್ತುಗಳು. ಹೊಸಬರು ಮೊದಲ ಕಂಬಸಾಲನ್ನಷ್ಟೇ ಓದುತ್ತಾರೆ. ಲೆಕ್ಕಕ್ಕಾಗಿ ಮೂಲ ಕೂಲಿ 40, ಎಲ್ಲ ಸೇರಿ 65 ಎಂದುಕೊಂಡರೆ 600 ಗಂಟೆಯ ಕೆಲಸದಲ್ಲಿ 15,000 ಡಾಲರ್ ಕಡಿಮೆ ಬೀಳುತ್ತದೆ. ಲಾಭ ಪೂರ್ತಿ ಹೋದ ಹಾಗೆ. ಕಡಿಮೆ ಕೊಟ್ಟರೆ ಬಾಕಿಯ ಜೊತೆಗೆ ಒಬ್ಬ ಕೆಲಸಗಾರನಿಗೆ ದಿನಕ್ಕೆ 200 ಡಾಲರ್‌ವರೆಗೆ ದಂಡವೂ ಇದೆ. ಪಟ್ಟಿಯ ಅವಧಿ ದಿನಾಂಕದ ಪಕ್ಕದ ನಕ್ಷತ್ರ ಚಿಹ್ನೆಯನ್ನೂ ಗಮನಿಸಿ. ಒಂದು ನಕ್ಷತ್ರವಿದ್ದರೆ ಕೆಲಸ ಮುಗಿಯುವವರೆಗೂ ಅದೇ ದರ. ಎರಡಿದ್ದರೆ ನಡುವೆ ಏರಿಕೆ ಮೊದಲೇ ನಿಗದಿಯಾಗಿದೆ, ಅದನ್ನು ಬಿಡ್‌ನಲ್ಲೇ ಹಿಡಿಯಬೇಕು.

ಬಿಡ್ ತೆರೆದ ಮೇಲೆ ಕೂಡಿಸಿದ್ದರಲ್ಲಿ ತಪ್ಪು ಕಂಡರೆ ಕೈಕಟ್ಟಿ ಕೂರಬೇಡಿ. ಐದು ಕೆಲಸದ ದಿನಗಳೊಳಗೆ, ತಪ್ಪು ಹೇಗಾಯಿತೆಂದು ವಿವರಿಸಿ ಬರಹದಲ್ಲಿ ಕೊಟ್ಟರೆ ಆ ಬಿಡ್‌ನಿಂದ ಬಿಡುಗಡೆ ಕೇಳಬಹುದು. ಬೆರಳಚ್ಚಿನ, ಲೆಕ್ಕದ ತಪ್ಪಿಗೆ ಮಾತ್ರ ಈ ದಾರಿ. ಅಂದಾಜೇ ತಪ್ಪಿದ್ದರೆ, ಸ್ಥಳ ಸರಿಯಾಗಿ ನೋಡದಿದ್ದರೆ ಇಲ್ಲ. ಬಿಡುಗಡೆಯಾದವರು ಅದೇ ಕಾಮಗಾರಿಗೆ ಮತ್ತೆ ಬಿಡ್ ಹಾಕುವಂತಿಲ್ಲ.

ದರವೇ ಎಲ್ಲವೂ ಅಲ್ಲದ ಕಡೆ

ಲೆಕ್ಕಪತ್ರ, ಕಾನೂನು, ಎಂಜಿನಿಯರಿಂಗ್‌ನಂಥ ವಿಶೇಷ ಸೇವೆಗಳಿಗೆ ಬಿಡ್ ಕಡ್ಡಾಯವಲ್ಲ. ಆರ್‌ಎಫ್‌ಪಿ, ಅಂದರೆ ದರದ ಜೊತೆ ಕೆಲಸದ ಪ್ರಸ್ತಾವವನ್ನೂ ಕೇಳುವ ಆಹ್ವಾನ, ಕರೆದರೆ ಅಂಕಪಟ್ಟಿ ನೋಡಿ, ಯಾವುದಕ್ಕೆ ಹೆಚ್ಚು ಅಂಕವೋ ಅದಕ್ಕೆ ಹೆಚ್ಚು ಪುಟ ಕೊಡಿ, ಅವರ ಶೀರ್ಷಿಕೆಗಳ ಕ್ರಮದಲ್ಲೇ ಉತ್ತರಿಸಿ. ಮಕ್ಕಳ ಊಟದ ಖರೀದಿಯಲ್ಲಿ ಬೆಲೆ ಮುಖ್ಯ ಅಂಶವಾಗಿರಬೇಕು, ಆದರೆ ಏಕೈಕ ಅಂಶವಾಗಬೇಕಿಲ್ಲ. ಬೇರೊಂದು ಸರ್ಕಾರಿ ಸಂಸ್ಥೆ ಆಗಲೇ ಮಾಡಿದ ಖರೀದಿ ಒಪ್ಪಂದವನ್ನು ಹೊಸ ಟೆಂಡರಿಲ್ಲದೆ ಬಳಸಲು 20118ನೇ ಸೆಕ್ಷನ್ ಬಿಡುತ್ತದೆ. ಪೀಠೋಪಕರಣ, ಕಂಪ್ಯೂಟರ್ ಮಾರುವವರಿಗೆ ಇದು ದೊಡ್ಡ ಬಾಗಿಲು. ನಿಮ್ಮ ಮೊದಲ ಒಪ್ಪಂದದಲ್ಲೇ ಬೇರೆ ಡಿಸ್ಟ್ರಿಕ್ಟ್‌ಗಳೂ ಬಳಸಬಹುದೆಂಬ ಷರತ್ತು ಇದೆಯೇ ನೋಡಿ.

ಮೀಸಲಾತಿ ನಿರೀಕ್ಷಿಸಬೇಡಿ. 1996ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 209 ಎಂಬ ನಿರ್ಣಯ ಜನಾಂಗ, ಲಿಂಗದ ಆಧಾರದ ಆದ್ಯತೆಯನ್ನು ಈ ರಾಜ್ಯದ ಸರ್ಕಾರಿ ಗುತ್ತಿಗೆಗಳಿಂದ ತೆಗೆದುಹಾಕಿತು. ಉದ್ದಿಮೆಯ ಗಾತ್ರದ ಮೇಲಿನ ಗುರಿಗಳಿವೆ: ಲಾಸ್ ಏಂಜಲೀಸ್ ಯೂನಿಫೈಡ್ ಸಣ್ಣ ಉದ್ದಿಮೆಗಳ ಪಾಲಿಗೆ ಶೇ. 25ರ ಗುರಿ ಇಟ್ಟುಕೊಂಡಿದೆ. ರಾಜ್ಯದ ಸಣ್ಣ ಉದ್ದಿಮೆ ಪ್ರಮಾಣಪತ್ರ ಮಾಡಿಸಿಟ್ಟುಕೊಂಡರೆ ದೊಡ್ಡ ಗುತ್ತಿಗೆದಾರರೇ ಉಪಗುತ್ತಿಗೆಗೆ ನಿಮ್ಮನ್ನು ಹುಡುಕಿ ಬರಬಹುದು.

ಗೆದ್ದ ಮೇಲೆ

ಮಕ್ಕಳೊಂದಿಗೆ ಶಾಲಾ ಸಿಬ್ಬಂದಿಯ ಕಣ್ಗಾವಲಿಲ್ಲದೆ ಬೆರೆಯುವ ಪ್ರತಿ ನೌಕರರ ಬೆರಳಚ್ಚು ತಪಾಸಣೆ ಕಡ್ಡಾಯ. ಫಲಿತಾಂಶಕ್ಕೆ ದಿನಗಳೂ ಹಿಡಿಯಬಹುದು, ವಾರಗಳೂ ಹಿಡಿಯಬಹುದು. ಬದಲಿ ಕೆಲಸಗಾರರದ್ದನ್ನೂ ಮುಂಚೆಯೇ ಮಾಡಿಸಿಡಿ. ವಿಮೆಯಲ್ಲಿ ಪ್ರಮಾಣಪತ್ರ ಮಾತ್ರ ಸಾಲದು, ಡಿಸ್ಟ್ರಿಕ್ಟ್‌ನ್ನು ಹೆಚ್ಚುವರಿ ವಿಮಾದಾರರೆಂದು ಸೇರಿಸಿದ ಅನುಬಂಧದ ಪುಟವೂ ಬೇಕೆನ್ನುತ್ತಾರೆ. 25,000 ಡಾಲರ್ ಮೀರಿದ ಕಾಮಗಾರಿಗೆ ಪೇಮೆಂಟ್ ಬಾಂಡ್, ಅಂದರೆ ಕೆಲಸಗಾರರಿಗೂ ಸಾಮಾನು ಕೊಟ್ಟವರಿಗೂ ಹಣ ಸಲ್ಲುತ್ತದೆಂಬ ಖಾತರಿಪತ್ರ, ಕೊಡಬೇಕು. ಬಾಂಡ್ ಕೊಡುವವರು ನಿಮ್ಮ ಲೆಕ್ಕಪತ್ರ ಕೇಳುತ್ತಾರೆ, ಆದ್ದರಿಂದ ಬಿಡ್‌ಗೆ ತಿಂಗಳುಗಳ ಮೊದಲೇ ಅವರನ್ನು ಕಾಣಿ.

ಕಾಮಗಾರಿಯ ಬಿಲ್ಲು ಸರಿಯಾಗಿದ್ದರೆ, ತಕರಾರಿಲ್ಲದ ಮೊತ್ತವನ್ನು 30 ದಿನದಲ್ಲಿ ಕೊಡಬೇಕು, ತಪ್ಪಿದರೆ ಬಡ್ಡಿ. ಬಿಲ್ಲಿನಲ್ಲಿ ದೋಷವಿದ್ದರೆ ಏಳು ದಿನದೊಳಗೆ ಕಾರಣ ಬರೆದು ವಾಪಸ್ ಕಳಿಸಬೇಕು. ಶೇ. 5 ಮೊತ್ತವನ್ನು ಕೊನೆಯವರೆಗೆ ಹಿಡಿದಿಡುತ್ತಾರೆ: 1,80,000ದಲ್ಲಿ 9,000 ಡಾಲರ್. ಕೂಲಿ ಮತ್ತು ಬಣ್ಣದ ಖರ್ಚಿಗೆ ಮೊದಲ ಎರಡು ತಿಂಗಳು ಕೈಯಿಂದಲೇ ಹಾಕಬೇಕಾಗುತ್ತದೆ, ಅಷ್ಟು ದುಡ್ಡು ಬದಿಗಿಟ್ಟೇ ಬಿಡ್‌ಗೆ ಇಳಿಯಿರಿ. ಪ್ರತಿ ಬಿಲ್ಲಿನ ಮೇಲೂ ಪರ್ಚೇಸ್ ಆರ್ಡರ್ ಸಂಖ್ಯೆ ಇರಲಿ, ಅದರಲ್ಲಿರುವ ಸಾಲುಗಳ ಕ್ರಮದಲ್ಲೇ ಬಿಲ್ಲಿನ ಸಾಲುಗಳೂ ಇರಲಿ, ಹೆಸರು ನೀವು ತುಂಬಿಕೊಟ್ಟ ಡಬ್ಲ್ಯೂ-9 ತೆರಿಗೆ ನಮೂನೆಯಲ್ಲಿ ಇರುವಂತೆಯೇ ಅಕ್ಷರಶಃ ಇರಲಿ.