ವಿಜಯಪುರದ ಗೋರಿಗಳು: ಯಾರವು, ಯಾರ ಕೈಯಲ್ಲಿವೆ?

2024ರ ಅಕ್ಟೋಬರ್ ಹೊತ್ತಿಗೆ ವಿಜಯಪುರದ ಹೆಸರು ದಿನಾ ಪೇಪರಿನಲ್ಲಿ ಬರತೊಡಗಿತು. ಮೊದಲು ರೈತರ ಹೊಲಗಳಿಗೆ ವಕ್ಫ್, ಅಂದರೆ ಮುಸ್ಲಿಂ ಧಾರ್ಮಿಕ ದತ್ತಿ ಆಸ್ತಿಯ, ನೋಟಿಸ್ ಬಂದ ಸುದ್ದಿ. ಅದರ ಬೆನ್ನಿಗೇ ಇನ್ನೊಂದು: 2005ರಲ್ಲೇ ಇಲ್ಲಿನ 43 ಸಂರಕ್ಷಿತ ಸ್ಮಾರಕಗಳನ್ನು ವಕ್ಫ್ ಆಸ್ತಿ ಅಂತ ದಾಖಲಿಸಲಾಗಿದೆ, ಅದರಲ್ಲಿ ಗೋಳಗುಮ್ಮಟವೂ ಇದೆ, ಇಬ್ರಾಹಿಂ ರೋಜಾವೂ ಇದೆ ಅಂತ. ಅಲ್ಲಿಂದ ಚಹಾದಂಗಡಿಯಲ್ಲೂ ವಾಟ್ಸಾಪ್‌ನಲ್ಲೂ ಒಂದೇ ಮಾತು, ಗೋಳಗುಮ್ಮಟ ಯಾರದು? ಆಸ್ತಿ ಯಾರದು ಅಂತ ಎಲ್ಲರೂ ಕೇಳುತ್ತಾರೆ. ಒಳಗೆ ಮಲಗಿರುವವರು ಯಾರು ಅಂತ ಕೇಳುವವರು ಕಡಿಮೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಆದಿಲ್‌ಶಾಹಿಗಳು ಇಲ್ಲಿ ಆಳಿದ್ದು 1490ರಿಂದ 1686ರವರೆಗೆ. ಆದರೆ ಮೊದಲ ಸುಲ್ತಾನರ ಗೋರಿ ಈ ಊರಲ್ಲಿಲ್ಲ. ಮನೆತನದ ಮೂಲಪುರುಷ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊದಲನೇ ಇಬ್ರಾಹಿಂ ಎಲ್ಲರೂ ಇರುವುದು ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಬಳಿ. ರಾಜಧಾನಿಯಲ್ಲೇ ಮಣ್ಣಾದ ಮೊದಲ ಸುಲ್ತಾನ ಮೊದಲನೇ ಅಲಿ. 1565ರ ತಾಳಿಕೋಟೆ ಯುದ್ಧದಲ್ಲಿ ಗೆದ್ದವನು, ಊರಿಗೆ ಕೋಟೆ ಗೋಡೆ ಕಟ್ಟಿಸಿದವನು, ಜಾಮಿಯಾ ಮಸೀದಿ ಶುರು ಮಾಡಿದವನು. 1580ರಲ್ಲಿ ಸತ್ತ. ಅಷ್ಟು ಕಟ್ಟಿಸಿದವನ ಗೋರಿ ಮಾತ್ರ ತೀರಾ ಸಾದಾ. ಪ್ರವಾಸಿಗರು ಅತ್ತ ಹೋಗುವುದೇ ಇಲ್ಲ.

ಇಬ್ರಾಹಿಂ ರೋಜಾ ಅದರ ನಂತರದ್ದು. ಕಟ್ಟಿದವನು ಮಲಿಕ್ ಸಂದಲ್, ರಾಣಿ ತಾಜ್ ಸುಲ್ತಾನಾಗಾಗಿ ಕಟ್ಟಿದ್ದು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. 1627ರಲ್ಲಿ ಎರಡನೇ ಇಬ್ರಾಹಿಂ ಸತ್ತಾಗ ಅವನನ್ನೂ ಅಲ್ಲೇ ಹೂಳಿದರು. ಒಳಗೆ ಒಟ್ಟು ಆರು ಗೋರಿಗಳಿವೆ. ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ. ಜಾಲಂದ್ರ ಅಂತ ಕಾಣುವುದು ನಿಜಕ್ಕೂ ಅರಬ್ಬಿ ಅಕ್ಷರ, ಕಲ್ಲನ್ನೇ ಕೊರೆದು ಬರೆದದ್ದು. ಬೆಳಕು ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬರುತ್ತದೆ.

ಗೋಳಗುಮ್ಮಟ ಎಲ್ಲರಿಗೂ ಗೊತ್ತು. ಗುಮ್ಮಟದ ಹೊರ ವ್ಯಾಸ 44 ಮೀಟರ್, ನಡುವೆ ಒಂದೂ ಕಂಬವಿಲ್ಲ. 1656ರಲ್ಲಿ ಮುಹಮ್ಮದ್ ಆದಿಲ್‌ಶಾಹ ಸತ್ತಾಗ ಕೆಲಸ ಅಲ್ಲಿಗೇ ನಿಂತಿತು. ಕಟ್ಟೆಯ ಮೇಲೆ, ಮರದ ಚಪ್ಪರದ ಕೆಳಗೆ ಕಾಣುವುದು ಬರೀ ಗುರುತಿನ ಗೋರಿಗಳು. ನಿಜವಾದವು ಕೆಳಗೆ ನೆಲಮಾಳಿಗೆಯಲ್ಲಿವೆ. ಮುಹಮ್ಮದ್, ಅವನ ಇಬ್ಬರು ಹೆಂಡತಿಯರು, ರಂಭಾ ಎಂಬ ನರ್ತಕಿ, ಒಬ್ಬ ಮಗಳು, ಒಬ್ಬ ಮೊಮ್ಮಗ. ನಾವು ಮೇಲೆ ಗ್ಯಾಲರಿಗೆ ಹತ್ತಿ ಕೂಗುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಸೀಟಿ ಹೊಡೆಯುತ್ತೇವೆ. ಮಕ್ಕಳಿಗೆ ಖುಷಿ, ಅದೇನೂ ತಪ್ಪಲ್ಲ. ಆದರೆ ಇದು ಆರು ಜನರ ಸಮಾಧಿ ಅಂತ ಒಬ್ಬರಾದರೂ ಮಕ್ಕಳಿಗೆ ಹೇಳಬೇಕಲ್ವಾ?

ಈ ಊರಿನ ಗೋರಿಗಳ ಕತೆ ತೀರಾ ಗಟ್ಟಿಯಾಗುವುದು ಮುಹಮ್ಮದ್ ಸತ್ತ ಮುಂದಿನ ಮೂರು ವರ್ಷಗಳಲ್ಲಿ. ಖಾನ್ ಮುಹಮ್ಮದ್ ಅಂತ ಒಬ್ಬ ಸೇನಾಪತಿ. ಮೊಘಲರ ಜೊತೆ ಲಡಾಯಿ ನಡೆದಾಗ ಕೈಗೆ ಸಿಕ್ಕ ಔರಂಗಜೇಬನನ್ನು ಇವನೇ ಬಿಟ್ಟು ಕಳಿಸಿದ ಅನ್ನುವುದು ಅವನ ಮೇಲಿದ್ದ ಆರೋಪ. ದೂರು ಕೊಟ್ಟವನು ಅಫ್ಜಲ್ ಖಾನ್ ಅಂತ ಹೇಳುತ್ತಾರೆ. 1657ರಲ್ಲಿ ಖಾನ್ ಮುಹಮ್ಮದ್ ಊರಿಗೆ ಮರಳುವಾಗ ಮಕ್ಕಾ ದರವಾಜೆಯ ಬಳಿ ಅವನನ್ನು ಕೊಂದರು. ಮುಂದೆ ಅವನ ಮಗ ಖವಾಸ್ ಖಾನ್ ರಾಜ್ಯವನ್ನೇ ನಡೆಸುವ ಮಟ್ಟಕ್ಕೆ ಏರಿದ, ಅವನದ್ದೂ ಕೊಲೆಯಾಯಿತು. ಅಪ್ಪ ಮಗನ ಗೋರಿ ಒಂದೇ ಕಡೆ ಇವೆ. ಆ ಗುಮ್ಮಟವನ್ನೂ ಪಕ್ಕದ ಇನ್ನೊಂದು ಗುಮ್ಮಟವನ್ನೂ ಸೇರಿಸಿ ಊರವರು ಜೋಡ ಗುಮ್ಮಟ ಅನ್ನುತ್ತಾರೆ.

ದೂರು ಕೊಟ್ಟ ಅಫ್ಜಲ್ ಖಾನನ ಸರದಿ ಬಂದದ್ದು 1659ರಲ್ಲಿ. ಆ ನವೆಂಬರ್ 10ರಂದು ಪ್ರತಾಪಗಡದಲ್ಲಿ ಶಿವಾಜಿಯ ಕೈಯಲ್ಲಿ ಸತ್ತ. ಅವನ ಗೋರಿ ಇರುವುದೂ ಅಲ್ಲೇ, ಸಾತಾರಾ ಜಿಲ್ಲೆಯಲ್ಲಿ. ವಿಜಯಪುರದ ಪಶ್ಚಿಮಕ್ಕಿರುವ ತಕ್ಕೆಯಲ್ಲಿ ಬದುಕಿದ್ದಾಗಲೇ ತನಗೆ ಅಂತ ಕಟ್ಟಿಸಿಕೊಳ್ಳುತ್ತಿದ್ದ ಗುಮ್ಮಟ ಅರ್ಧಕ್ಕೆ ನಿಂತು ಖಾಲಿ ಉಳಿಯಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹಳೆಯ ಬಾವಿಯ ಹತ್ತಿರ ಒಂದು ಕಟ್ಟೆ ಇದೆ. ಅದರ ಮೇಲೆ ಕರಿಕಲ್ಲಿನ 60ಕ್ಕೂ ಹೆಚ್ಚು ಗೋರಿಗಳು ಸಾಲಾಗಿ ಇವೆ. ಎಲ್ಲ ಒಂದೇ ಅಳತೆ, ನಡುವಿನ ಅಂತರವೂ ಒಂದೇ. ಇದೇ ಸಾಠ್ ಕಬರ್. ನೀನು ಈ ಯುದ್ಧದಿಂದ ವಾಪಸ್ ಬರಲ್ಲ ಅಂತ ಜ್ಯೋತಿಷಿಗಳು ಹೇಳಿದರಂತೆ, ತಾನು ಸತ್ತ ಮೇಲೆ ಹೆಂಡತಿಯರು ಬೇರೆಯವರ ಪಾಲಾಗಬಾರದು ಅಂತ ಎಲ್ಲರನ್ನೂ ಅವನೇ ಕೊಂದನಂತೆ. ಇದು ಜನ ಹೇಳಿಕೊಂಡು ಬಂದ ಕತೆ. ಕಲ್ಲು ಹೇಳುವುದು ಇನ್ನೊಂದಿದೆ. ಈ ಕಡೆ ಗಂಡಸರ ಗೋರಿಯ ಮೇಲೆ ಉದ್ದಕ್ಕೆ ಒಂದು ದಿಂಡು ಇರುತ್ತದೆ, ಹೆಂಗಸರದ್ದು ಸಪಾಟಾಗಿರುತ್ತದೆ. ಇಲ್ಲಿರುವವೆಲ್ಲ ಸಪಾಟು. ಅಂದರೆ ಮಲಗಿರುವವರೆಲ್ಲ ಹೆಂಗಸರು. ಖಾನನ ಹೆಸರು ಎಲ್ಲರ ಬಾಯಲ್ಲಿದೆ, ಇವರಲ್ಲಿ ಒಬ್ಬಳ ಹೆಸರೂ ಯಾರಿಗೂ ಗೊತ್ತಿಲ್ಲ. ನನಗೆ ಈ ಊರಿನಲ್ಲಿ ಅತಿ ಹೆಚ್ಚು ಸಂಕಟ ಕೊಡುವ ಜಾಗ ಇದು.

ಮುಹಮ್ಮದನ ಮಗ ಎರಡನೇ ಅಲಿ ಅಪ್ಪನ ಗುಮ್ಮಟಕ್ಕಿಂತ ದೊಡ್ಡದು ಕಟ್ಟಲು ಹೊರಟ. 1672ರಲ್ಲಿ ಅವನೂ ತೀರಿಕೊಂಡ. ಉಳಿದದ್ದು ಸೂರಿಲ್ಲದ ಕಮಾನುಗಳು, ಅದೇ ಬಾರಾ ಕಮಾನ್. ಕೊನೆಯ ಸುಲ್ತಾನ ಸಿಕಂದರ್ 1686ರಲ್ಲಿ ಔರಂಗಜೇಬನಿಗೆ ಶರಣಾದ. ಅವನಿಗೆ ಗುಮ್ಮಟವೂ ಇಲ್ಲ, ಕಮಾನೂ ಇಲ್ಲ, ಬಯಲಲ್ಲಿ ಒಂದು ಸಾದಾ ಗೋರಿ ಅಷ್ಟೇ. 1688ರಲ್ಲಿ ಪ್ಲೇಗ್ ಬಂತು, ಔರಂಗಜೇಬನ ಹೆಂಡತಿ ಔರಂಗಾಬಾದಿ ಮಹಲ್ ಕೂಡ ಇಲ್ಲೇ ಸತ್ತಳು. ಊರು ಬರಿದಾಯಿತು.

ಆಮೇಲಿನ ಇನ್ನೂರು ವರ್ಷ ನಿಜಾಮರು, ಪೇಶ್ವೆಗಳು, ಸಾತಾರಾದವರು, 1848ರಿಂದ ಬ್ರಿಟಿಷರು, ಯಾರು ಬಂದರೂ ಪಾಳು ಊರು ಪಾಳಾಗಿಯೇ ಇತ್ತು. 1885ರ ಸುಮಾರಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಆಫೀಸಿಗೆ ಜಾಗ ಬೇಕಲ್ಲ? ಹಳೆಯ ಮಹಲುಗಳಲ್ಲಿ ಕಚೇರಿ ಕೂತವು, ಒಂದು ಮಸೀದಿಯಲ್ಲಿ ಅಂಚೆ ಕಚೇರಿ, ಜೋಡ ಗುಮ್ಮಟದ ಒಂದರಲ್ಲಿ ಇಂಜಿನಿಯರ್ ಸಾಹೇಬರ ಸಂಸಾರ. ಕೊಲೆಯಾದವರ ಗೋರಿಯ ಮೇಲೆ ಒಲೆ ಹೊತ್ತಿತು.

ಆದರೆ ಆ ಹೊತ್ತಿಗೂ ಸುಣ್ಣ ಬಣ್ಣ ಕಾಣುತ್ತಿದ್ದ ಗೋರಿಗಳು ಇದ್ದವು, ಅವು ಸಂತರವು. ಜೋಡ ಗುಮ್ಮಟದ ಇನ್ನೊಂದರಲ್ಲಿರುವ ಅಬ್ದುಲ್ ರಜಾಕ್ ಖಾದ್ರಿ ದರ್ಗಾ, ಹಾಶಿಂಪೀರ್ ದರ್ಗಾ, ದಿಬ್ಬದ ಮೇಲಿನ ಅಮೀನುದ್ದೀನ್ ಆಲಾ ದರ್ಗಾ. ಇಲ್ಲಿ ಜನ ಇಂದಿಗೂ ಗೋರಿಗೆ ಗಲೇಫ (ಹೊದಿಕೆ ಬಟ್ಟೆ) ಹಾಕುತ್ತಾರೆ, ಸಕ್ಕರೆ ಓದಿಸುತ್ತಾರೆ, ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ. ಯಾವ ಸುಲ್ತಾನನ ಗೋರಿಗೂ ಈ ಭಾಗ್ಯ ಸಿಗಲಿಲ್ಲ.

ಸ್ಮಾರಕಗಳನ್ನು ಕಾಯುವ ಕಾನೂನು ಬಂದದ್ದು 1904ರಲ್ಲಿ, ಆಮೇಲೆ 1958ರ ಕಾಯ್ದೆ. ಊರಿಗೆ ಬಿಸಿ ಮುಟ್ಟಿದ್ದು 1992ರ ಅಧಿಸೂಚನೆಯಿಂದ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. 2010ರ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ಬೇರೆ ಊರಲ್ಲಿ ಇದು ದೊಡ್ಡ ವಿಷಯವಲ್ಲ. ಇಲ್ಲಿ ಗಲ್ಲಿಗೊಂದು ಗುಮ್ಮಟ, ಓಣಿಗೊಂದು ಮಸೀದಿ. ಮನೆಯ ಚಾವಣಿ ಸೋರಿದರೆ ರಿಪೇರಿಗೂ ಅರ್ಜಿ ಹಿಡಿದು ಓಡಾಡಬೇಕು. ಸ್ಮಾರಕದ ಪಕ್ಕದಲ್ಲಿ ಇರುವವನಿಗೆ ಸ್ಮಾರಕದ ಮೇಲೆ ಸಿಟ್ಟು ಬಂದರೆ ಅದರಲ್ಲಿ ಆಶ್ಚರ್ಯ ಏನಿದೆ? 2014ರಲ್ಲಿ ದಖ್ಖನ್ ಸುಲ್ತಾನರ ಸ್ಮಾರಕಗಳು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು, ಅದರಲ್ಲಿ ನಮ್ಮ ಊರೂ ಇದೆ. ಅದೇ ವರ್ಷ ಬಿಜಾಪುರ ವಿಜಯಪುರವಾಯಿತು.

ಇನ್ನು 2025ರ ವಕ್ಫ್ ತಿದ್ದುಪಡಿ ಕಾಯ್ದೆ. ವಕ್ಫ್ ಅಂತ ಘೋಷಿಸುವಾಗಲೇ ಆ ಜಾಗ ಸಂರಕ್ಷಿತ ಸ್ಮಾರಕವಾಗಿದ್ದರೆ ಆ ಘೋಷಣೆ ಊರ್ಜಿತವಲ್ಲ ಎಂಬ ಮಾತು ಅದರಲ್ಲಿದೆ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಈ ವಾದ ಮುಗಿಯಲು ಎಷ್ಟು ವರ್ಷ ಬೇಕೋ ಬೇಕಾಗಲಿ. ಆದರೆ ಇದೆಲ್ಲ ಪಟ್ಟಿಯಲ್ಲಿ ಹೆಸರಿರುವ ಕಟ್ಟಡಗಳ ಮಾತು. ತಕ್ಕೆ, ಐನಾಪುರದ ಕಡೆ ಹೊಲದ ಬದುವಿನಲ್ಲಿ, ಯಾರದೋ ಕಾಂಪೌಂಡಿನ ಒಳಗೆ, ಮುಳ್ಳುಕಂಟಿಯ ನಡುವೆ ಇರುವ ಸಣ್ಣ ಗೋರಿಗಳ ಮೇಲೆ ಯಾರೂ ಹಕ್ಕು ಹೇಳಿಲ್ಲ, ಯಾರೂ ಲೆಕ್ಕವನ್ನೂ ಕೇಳಿಲ್ಲ. ಒಂದೊಂದಕ್ಕೂ ನಂಬರು ಕೊಟ್ಟು, ಫೋಟೊ ತೆಗೆದು, ಅಕ್ಷರ ಉಳಿದಿದ್ದರೆ ಓದಿಸಿ ಬರೆದಿಡುವ ಕೆಲಸಕ್ಕೆ ಯಾವ ತೀರ್ಪಿಗೂ ಕಾಯಬೇಕಿಲ್ಲ. ನಮ್ಮ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ, ಹಳೆಯ ಫಾರಸಿ ಬಲ್ಲ ಹಿರಿಯರು ದರ್ಗಾಗಳಲ್ಲಿ ಇನ್ನೂ ಸಿಗುತ್ತಾರೆ. ಸಾಠ್ ಕಬರ್‌ನಿಂದಲೇ ಶುರು ಮಾಡಬಹುದು.